ಮನೆಗೆ ಬೀಗ, ಡಿಸ್ಕಿಗೆ ಕಾವಲು: ರಜೆಗೆ ಮೊದಲು ಹಾಟ್ ಸ್ಪೇರ್ ಸಜ್ಜು ಮಾಡುವುದು ಹೇಗೆ?

ಶಾಲೆಗಳಿಗೆ ಬೇಸಿಗೆ ರಜೆ ಸಿಕ್ಕಿತೆಂದರೆ ಕತಾರಿನ ಉಮ್ಮ್ ಸಲಾಲ್ ಮೊಹಮ್ಮದ್, ಉಮ್ಮ್ ಸಲಾಲ್ ಅಲಿ, ಅಲ್ ಖರೈತಿಯಾತ್ ಕಡೆಯ ವಿಲ್ಲಾಗಳಲ್ಲಿ ಸೂಟ್‌ಕೇಸ್ ತೂಗುವ ಗಡಿಬಿಡಿ ಶುರು. ಮನೆಯೊಡತಿ ಮಕ್ಕಳೊಂದಿಗೆ ಮೊದಲು, ಯಜಮಾನರು ಹದಿನೈದು ದಿನ ಬಿಟ್ಟು. ಆಮೇಲೆ ಐದಾರು ವಾರ ಮನೆಗೆ ಬೀಗ. ಗ್ಯಾಸ್ ಬಂದ್, ಗೀಸರ್ ಬಂದ್. ಬಂದ್ ಆಗದೆ ಉಳಿಯುವುದು ಫ್ರಿಜ್, ರೌಟರ್, ಮತ್ತೆ ಮೆಟ್ಟಿಲ ಕೆಳಗೆ ಮಿಣುಕುತ್ತಿರುವ ಆ ಸ್ಟೋರೇಜ್ ಡಬ್ಬ. ಮದುವೆ ವಿಡಿಯೊ, ಮಕ್ಕಳ ಫೋಟೊ, ಸಿಸಿಟಿವಿ ರೆಕಾರ್ಡಿಂಗ್, ಸಣ್ಣ ವ್ಯಾಪಾರವಿದ್ದರೆ ಅದರ ಲೆಕ್ಕಪತ್ರ ಎಲ್ಲ ಅದರಲ್ಲೇ.

ಈಗ, ಜುಲೈ ನಡುವಿನ ಒಂದು ಗುರುವಾರ ರಾತ್ರಿ ಅದರಲ್ಲೊಂದು ಡಿಸ್ಕ್ ಕೆಟ್ಟಿತು ಎಂದುಕೊಳ್ಳಿ. ನೀವು ಉಡುಪಿಯಲ್ಲೋ ಹಾಸನದಲ್ಲೋ ಇದ್ದೀರಿ. ಕತಾರಿನಲ್ಲಿ ಶುಕ್ರವಾರ, ಶನಿವಾರ ವಾರದ ರಜೆ. ಬೀಗದ ಕೈ ಇರುವ ಗೆಳೆಯರಿಗೆ ಡಿಸ್ಕ್ ಬದಲಿಸಿ ಅಭ್ಯಾಸವಿಲ್ಲ. ಅವರಿಗೆ ಫೋನಿನಲ್ಲಿ 'ಎಡದಿಂದ ಎರಡನೆಯದು ಎಳೆಯಿರಿ' ಎಂದು ಹೇಳುವುದಕ್ಕಿಂತ ದೊಡ್ಡ ಅಪಾಯ ಇನ್ನೊಂದಿಲ್ಲ. ಹಾಟ್ ಸ್ಪೇರ್ ಇರುವುದು ಇಂಥ ದಿನಕ್ಕೆ. ಡಬ್ಬದೊಳಗೆ ಮೊದಲೇ ಕೂತಿದ್ದು, ಒಂದು ಡಿಸ್ಕ್ ಕೆಟ್ಟ ಕೂಡಲೇ ಅದರ ಜಾಗಕ್ಕೆ ತಾನೇ ಹೋಗುವ ಡಿಸ್ಕ್ ಅದು. ಕಾರಿನ ಸ್ಟೆಪ್ನಿ ತಾನೇ ಇಳಿದು ತಾನೇ ಚಕ್ರವಾಗಿ ಕೂರುವ ಹಾಗೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನೀವು ಊರಿನಲ್ಲಿರುವಾಗ ಆ ಡಬ್ಬದಿಂದ ಯಾರಿಗೂ ಏನೂ ಬೇಕಿಲ್ಲವಾದರೆ, ಬ್ಯಾಕಪ್ ತೆಗೆದು ಡಬ್ಬವನ್ನು ಆಫ್ ಮಾಡಿ ಹೋಗಿ. ಮುಂದೆ ಓದುವ ಅಗತ್ಯವೇ ಇಲ್ಲ. ಆಫ್ ಮಾಡಲಾಗದವರಿಗೆ ಈ ಬರಹ.

ಇದು ಯಾಕೆ ಕೆಲಸಕ್ಕೆ ಬರುತ್ತದೆ?

ಹಲವು ಅಗ್ಗದ ಡಿಸ್ಕ್‌ಗಳನ್ನು ಸೇರಿಸಿ ಒಂದು ನಂಬಿಕಸ್ಥ ಡಿಸ್ಕ್ ಮಾಡುವ ವಿಚಾರಕ್ಕೆ ರೈಡ್ ಎಂಬ ಹೆಸರು ಕೊಟ್ಟವರು ಬರ್ಕ್‌ಲಿಯ ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್, ರ‍್ಯಾಂಡಿ ಕ್ಯಾಟ್ಜ್. ಅವರ 1988ರ ಪ್ರಬಂಧದಲ್ಲೇ ಹಾಟ್ ಸ್ಪೇರ್ ಪ್ರಸ್ತಾಪವಿದೆ: ರಿಪೇರಿಗೆ ಹಿಡಿಯುವ ಸಮಯ ಕಡಿಮೆಯಾದಷ್ಟೂ ಮಾಹಿತಿ ಕಳೆದುಹೋಗುವ ಸಂಭವ ಕಡಿಮೆ.

ಆ ರಿಪೇರಿ ಸಮಯವನ್ನು ಎರಡಾಗಿ ಒಡೆದು ನೋಡಿ. ಒಂದು, ಮನುಷ್ಯನೊಬ್ಬ ಬಂದು ಹೊಸ ಡಿಸ್ಕ್ ಹಾಕುವವರೆಗೆ ಕಾಯುವುದು. ಎರಡು, ಹೊಸ ಡಿಸ್ಕ್ ಪೂರ್ತಿ ತುಂಬುವುದು. 8 ಟಿಬಿ ಡಿಸ್ಕ್‌ ಸೆಕೆಂಡಿಗೆ ಸರಾಸರಿ 150 ಎಂಬಿ ವೇಗದಲ್ಲಿ ತುಂಬಿದರೆ ಹೆಚ್ಚುಕಡಿಮೆ 15 ಗಂಟೆ. ಮೊದಲನೆಯ ಭಾಗ ಮಾತ್ರ ನಿಮ್ಮ ರಿಟರ್ನ್ ಟಿಕೆಟ್ ಎಂದಿಗಿದೆಯೋ ಅಲ್ಲಿಯವರೆಗೆ. ಹಾಟ್ ಸ್ಪೇರ್ ಅಳಿಸಿಹಾಕುವುದು ಈ ಮೊದಲ ಭಾಗವನ್ನು ಮಾತ್ರ. ಆ 15 ಗಂಟೆಯ ಅಪಾಯ ಹಾಗೇ ಉಳಿಯುತ್ತದೆ. ಮನೆಯಲ್ಲೇ ಇರುವ ತಿಂಗಳುಗಳಲ್ಲಿ, ಕಪಾಟಿನಲ್ಲಿ ಪ್ಯಾಕೆಟ್ ಒಡೆಯದ ಒಂದು ಡಿಸ್ಕ್ ಇದ್ದರೆ ಅದೇ ಸಾಕು. ಅದು ಬಿಸಿಲಿಗೆ ಬಾಡುವುದಿಲ್ಲ, ಕರೆಂಟೂ ತಿನ್ನುವುದಿಲ್ಲ.

ಕೊಳ್ಳುವ ಮೊದಲು ಒಂದು ಲೆಕ್ಕ

ನಾಲ್ಕು ಡಿಸ್ಕ್‌ಗಳ ಡಬ್ಬ ಇಟ್ಟುಕೊಂಡವರು ಸಾಮಾನ್ಯವಾಗಿ ಮೂರರಲ್ಲಿ ರೈಡ್ 5 ಮಾಡಿ ನಾಲ್ಕನೆಯದನ್ನು ಸ್ಪೇರ್ ಮಾಡುತ್ತಾರೆ. ಸಿಗುವ ಜಾಗ ಎರಡು ಡಿಸ್ಕಿನಷ್ಟು. ಅದೇ ನಾಲ್ಕನ್ನೂ ರೈಡ್ 6 ಮಾಡಿದರೂ ಸಿಗುವ ಜಾಗ ಎರಡು ಡಿಸ್ಕಿನಷ್ಟೇ. ಆದರೆ ಯಾವ ಎರಡು ಒಟ್ಟಿಗೆ ಹೋದರೂ ಮಾಹಿತಿ ಉಳಿಯುತ್ತದೆ. ಮೊದಲ ವ್ಯವಸ್ಥೆಯಲ್ಲಿ ಸ್ಪೇರ್ ತುಂಬುತ್ತಿರುವಾಗ ಇನ್ನೊಂದು ಕೆಟ್ಟರೆ ಕಥೆ ಮುಗಿಯಿತು. ಹಾಗಾಗಿ ನಾಲ್ಕೇ ಡಿಸ್ಕ್ ಇದ್ದವರಿಗೆ ನನ್ನ ಸಲಹೆ: ಸ್ಪೇರ್ ಬೇಡ, ರೈಡ್ 6 ಮಾಡಿ. ಎರಡು ಡಿಸ್ಕಿನ ಮಿರರ್ ಜೊತೆ ಒಂದು ಸ್ಪೇರ್ ಇಡುವವರಿಗೂ ಇದೇ ಮಾತು. ಮೂರನ್ನೂ ಮಿರರ್ ಮಾಡಿದರೆ ತುಂಬುವ ತಾಪತ್ರಯವೇ ಇಲ್ಲ.

ಸ್ಪೇರ್‌ಗೆ ಅರ್ಥ ಬರುವುದು ಐದು ಅಥವಾ ಹೆಚ್ಚು ಡಿಸ್ಕ್ ಇದ್ದಾಗ, ಇಲ್ಲವೇ ಎರಡು ಅರೇಗಳು (ಒಂದಾಗಿ ಸೇರಿಸಿದ ಡಿಸ್ಕ್ ಗುಂಪುಗಳು) ಒಂದೇ ಸ್ಪೇರ್ ಹಂಚಿಕೊಂಡಾಗ. ರೈಡ್ 5ರಿಂದ 6ಕ್ಕೆ ಬದಲಾಯಿಸಲು ಲಿನಕ್ಸ್‌ನಲ್ಲಿ ದಾರಿಯಿದೆ. ಆದರೆ ಅದಕ್ಕೆ ದಿನಗಟ್ಟಲೆ ಬೇಕಾಗಬಹುದು. ಟಿಕೆಟ್ ಕೈಗೆ ಬಂದ ವಾರ ಅದಕ್ಕೆ ಕೈ ಹಾಕಬೇಡಿ.

ಹಂತಗಳು

ಕೆಳಗಿನದೆಲ್ಲ ಲಿನಕ್ಸ್‌ನ ಎಂಡಿಎಡಿಎಂ ಆದೇಶಕ್ಕೆ ಸಂಬಂಧಿಸಿದ್ದು. ನೀಲ್ ಬ್ರೌನ್ ಬರೆದ ಈ ಸಾಧನ ಡೆಬಿಯನ್, ಉಬುಂಟು ಎಲ್ಲದರಲ್ಲೂ ಸಿಗುತ್ತದೆ. ಆದೇಶಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಕೊಟ್ಟಿದೆ. ಟರ್ಮಿನಲ್‌ನಲ್ಲಿ ಇಂಗ್ಲಿಷ್ ಸಣ್ಣಕ್ಷರದಲ್ಲಿ ಟೈಪ್ ಮಾಡಿ, ದೊಡ್ಡಕ್ಷರ ಬೇಕಾದಲ್ಲಿ ಹೇಳಿದ್ದೇನೆ. ಪ್ರತಿಯೊಂದರ ಮುಂದೆ 'ಸುಡೊ' ಸೇರಿಸಿಕೊಳ್ಳಿ. ಉದಾಹರಣೆಗೆ ಎಸ್‌ಡಿಬಿಯಿಂದ ಎಸ್‌ಡಿಇವರೆಗಿನ ನಾಲ್ಕು ಡಿಸ್ಕ್‌ಗಳ ರೈಡ್ 6 ಅರೇ, ಸ್ಪೇರ್ ಆಗಬೇಕಾದದ್ದು ಎಸ್‌ಡಿಎಫ್ ಎಂದಿಟ್ಟುಕೊಳ್ಳೋಣ.

1. ಮೊದಲು ಇರುವ ಸ್ಥಿತಿ ಓದಿ.

ಕ್ಯಾಟ್ /ಪ್ರಾಕ್/ಎಂಡಿಸ್ಟ್ಯಾಟ್

ಸ್ಪೇರ್ ಸೇರಿಸಿದ ಮೇಲೆ ಇದು ಹೀಗೆ ಕಾಣಬೇಕು:

ಎಂಡಿ0 : ಆ್ಯಕ್ಟಿವ್ ರೈಡ್6 ಎಸ್‌ಡಿಎಫ್1[4](ಎಸ್) ಎಸ್‌ಡಿಇ1[3] ಎಸ್‌ಡಿಡಿ1[2] ಎಸ್‌ಡಿಸಿ1[1] ಎಸ್‌ಡಿಬಿ1[0]
[4/4] [ಯುಯುಯುಯು]

ಕಂಸದಲ್ಲಿರುವ ಎಸ್ ಅಂದರೆ ಕಾದು ಕೂತಿರುವ ಸ್ಪೇರ್. 4/4 ಅಂದರೆ ಬೇಕಾದದ್ದು ನಾಲ್ಕು, ಕೆಲಸ ಮಾಡುತ್ತಿರುವುದು ನಾಲ್ಕು. ಎಸ್‌ಡಿಸಿ ಕೆಟ್ಟಿತು ಎನ್ನಿ. ಅದರ ಮುಂದೆ ಎಫ್ ಬರುತ್ತದೆ, ಎರಡನೆಯ ಸಾಲು [4/3] [ಯು_ಯುಯು] ಆಗುತ್ತದೆ, ಎಸ್‌ಡಿಎಫ್ ಮುಂದಿನ ಎಸ್ ಮಾಯವಾಗುತ್ತದೆ, ಕೆಳಗೆ 'ರಿಕವರಿ' ಎಂದು ಶೇಕಡಾವಾರು ಲೆಕ್ಕ ಓಡುತ್ತದೆ. ಎಸ್ ಮಾಯವಾದದ್ದು ಕಂಡು ಗಾಬರಿ ಬೇಡ, ಸ್ಪೇರ್ ಕೆಲಸಕ್ಕೆ ಇಳಿದಿದೆ ಎಂದೇ ಅರ್ಥ. ಇನ್ನಷ್ಟು ವಿವರ ಬೇಕಿದ್ದರೆ: ಎಂಡಿಎಡಿಎಂ --ಡಿಟೇಲ್ /ಡೆವ್/ಎಂಡಿ0.

2. ಡಿಸ್ಕ್‌ಗಳನ್ನು ಸೀರಿಯಲ್ ನಂಬರಿನಿಂದ ಗುರುತಿಸಿ.

ಎಲ್‌ಎಸ್‌ಬಿಎಲ್‌ಕೆ -ಒ ನೇಮ್,ಸೈಜ್,ಮಾಡೆಲ್,ಸೀರಿಯಲ್

ಎಸ್‌ಡಿಬಿ, ಎಸ್‌ಡಿಸಿ ಎಂಬ ಹೆಸರುಗಳು ಶಾಶ್ವತವಲ್ಲ. ಒಂದು ಯುಎಸ್‌ಬಿ ಚುಚ್ಚಿ ರೀಬೂಟ್ ಮಾಡಿದರೆ ಇವು ಅದಲುಬದಲಾಗಬಹುದು. ಸೀರಿಯಲ್ಲಿನ ಕೊನೆಯ ನಾಲ್ಕು ಅಕ್ಷರಗಳನ್ನು ಸ್ಟಿಕ್ಕರ್ ಮೇಲೆ ಬರೆದು ಆಯಾ ಟ್ರೇಗೆ ಅಂಟಿಸಿ, ಒಂದು ಫೋಟೊ ತೆಗೆದು ಫೋನಿನಲ್ಲಿಟ್ಟುಕೊಳ್ಳಿ. ಐದು ನಿಮಿಷದ ಕೆಲಸ. ಈ ಇಡೀ ಪಟ್ಟಿಯಲ್ಲಿ ಒಂದನ್ನೇ ಮಾಡುವುದಿದ್ದರೆ ಇದನ್ನು ಮಾಡಿ ಎನ್ನುತ್ತೇನೆ.

3. ಸ್ಪೇರ್ ಆಗುವ ಡಿಸ್ಕನ್ನು ಪರೀಕ್ಷಿಸಿ.

ಸ್ಮಾರ್ಟ್‌ಸಿಟಿಎಲ್ -ಟಿ ಲಾಂಗ್ /ಡೆವ್/ಎಸ್‌ಡಿಎಫ್

ದೊಡ್ಡ ಡಿಸ್ಕಿಗೆ ಇದು ಅರ್ಧ ದಿನ ಮೀರಿ ನಡೆಯುತ್ತದೆ. ಮುಗಿದ ಮೇಲೆ -ಟಿ ಲಾಂಗ್ ಬದಲು -ಎ ಹಾಕಿ ವರದಿ ನೋಡಿ. 5 ಎಂಬ ಸಂಖ್ಯೆಯ ಸಾಲಿನ ರೀಅಲೊಕೇಟೆಡ್ ಸೆಕ್ಟರ್, 197 ಎಂಬ ಸಂಖ್ಯೆಯ ಸಾಲಿನ ಕರೆಂಟ್ ಪೆಂಡಿಂಗ್ ಸೆಕ್ಟರ್ ಎರಡರ ಕೊನೆಯ ಅಂಕಿಯೂ ಸೊನ್ನೆ ಇರಬೇಕು. ಹೊಸ ಡಿಸ್ಕ್‌ನಲ್ಲೇ ಸೊನ್ನೆ ಇಲ್ಲದಿದ್ದರೆ ಅಂಗಡಿಗೆ ವಾಪಸ್ ಕೊಡಿ.

4. ಪಾರ್ಟಿಶನ್ ಮಾಡಿ ಸೇರಿಸಿ.

ಎಸ್‌ಜಿಡಿಸ್ಕ್ -ಆರ್ /ಡೆವ್/ಎಸ್‌ಡಿಎಫ್ /ಡೆವ್/ಎಸ್‌ಡಿಬಿ
ಎಸ್‌ಜಿಡಿಸ್ಕ್ -ಜಿ /ಡೆವ್/ಎಸ್‌ಡಿಎಫ್
ಎಂಡಿಎಡಿಎಂ /ಡೆವ್/ಎಂಡಿ0 --ಆ್ಯಡ್-ಸ್ಪೇರ್ /ಡೆವ್/ಎಸ್‌ಡಿಎಫ್1

ಎಚ್ಚರ: ಮೊದಲ ಸಾಲಿನಲ್ಲಿ ಆರ್ ದೊಡ್ಡಕ್ಷರ, ಮತ್ತು ಅದರ ಪಕ್ಕದಲ್ಲಿ ಬರಬೇಕಾದದ್ದು ಹೊಸ ಡಿಸ್ಕ್. ನಮ್ಮ ಮನಸ್ಸು 'ಇದರಿಂದ ಅದಕ್ಕೆ' ಎಂದು ಓದಿಕೊಳ್ಳುತ್ತದೆ. ಈ ಆದೇಶ ತಿರುವುಮುರುವು. ಅದಲುಬದಲಾದರೆ ಖಾಲಿ ಡಿಸ್ಕಿನ ಪಾರ್ಟಿಶನ್ ಪಟ್ಟಿ ತುಂಬಿದ ಡಿಸ್ಕಿನ ಮೇಲೆ ಬಂದು ಕೂರುತ್ತದೆ. ಎಂಟರ್ ಒತ್ತುವ ಮೊದಲು ಸೀರಿಯಲ್ ಮತ್ತೊಮ್ಮೆ ತಾಳೆ ನೋಡಿ. ಎರಡನೆಯ ಸಾಲಿನ ಜಿ ಕೂಡ ದೊಡ್ಡಕ್ಷರವೇ. ನಕಲಾದ ಗುರುತಿನ ಸಂಖ್ಯೆಗಳನ್ನು ಅದು ಹೊಸದು ಮಾಡುತ್ತದೆ.

ಹೊಸ ಡಿಸ್ಕ್ ಹಳೆಯವುಗಳಷ್ಟು ಅಥವಾ ಅದಕ್ಕಿಂತ ದೊಡ್ಡದಿರಲೇಬೇಕು. ಡಬ್ಬಿಯ ಮೇಲೆ 8 ಟಿಬಿ ಎಂದಿದ್ದ ಮಾತ್ರಕ್ಕೆ ಬೇರೆ ಕಂಪನಿಯ 8 ಟಿಬಿಗೆ ಸೆಕ್ಟರ್ ಲೆಕ್ಕದಲ್ಲಿ ಸಮವೆಂದು ನಂಬಬೇಡಿ. ಹೊಸದಾಗಿ ಅರೇ ಕಟ್ಟುವವರು ಪ್ರತಿ ಡಿಸ್ಕಿನ ಕೊನೆಗೆ 100 ಎಂಬಿ ಬಿಟ್ಟು ಪಾರ್ಟಿಶನ್ ಮಾಡಿದರೆ ಈ ತಲೆನೋವು ಮುಂದೆ ಬರುವುದಿಲ್ಲ.

5. ದಾಖಲಿಸಿ.

ಎಂಡಿಎಡಿಎಂ --ಡಿಟೇಲ್ --ಸ್ಕ್ಯಾನ್

ಇದು ಕೊಡುವ ಸಾಲನ್ನು /ಇಟಿಸಿ/ಎಂಡಿಎಡಿಎಂ/ಎಂಡಿಎಡಿಎಂ.ಕಾನ್ಫ್ ಕಡತದಲ್ಲಿ ಹಳೆಯ ಸಾಲಿನ ಜಾಗಕ್ಕೆ ಹಾಕಿ. ಅದರಲ್ಲಿ 'ಸ್ಪೇರ್ಸ್=1' ಇರಬೇಕು. ಹಾಗಿದ್ದರೆ, ಮುಂದೆಂದಾದರೂ ಸ್ಪೇರ್ ಕಾಣೆಯಾದಾಗ 'ಸ್ಪೇರ್ಸ್‌ಮಿಸ್ಸಿಂಗ್' ಎಂಬ ಎಚ್ಚರಿಕೆ ಬರುತ್ತದೆ. ಡೆಬಿಯನ್, ಉಬುಂಟುಗಳಲ್ಲಿ ಕೊನೆಗೆ 'ಅಪ್‌ಡೇಟ್-ಇನಿಟ್‌ರಾಮ್‌ಎಫ್‌ಎಸ್ -ಯು' ಓಡಿಸಿ. ಅರೇ ತುಂಬುತ್ತಿರುವ ಹೊತ್ತಿನಲ್ಲಿ ಈ ಸಾಲು ತೆಗೆಯಬೇಡಿ. ತುಂಬುತ್ತಿರುವ ಡಿಸ್ಕನ್ನೂ ಅದು ಸ್ಪೇರ್ ಎಂದೇ ಎಣಿಸಿ, ಆಮೇಲೆ ಇಲ್ಲದ ಸ್ಪೇರ್ ಕಾಣೆಯಾಗಿದೆಯೆಂದು ದಿನಾ ಮೇಲ್ ಕಳಿಸುತ್ತದೆ.

6. ಎಚ್ಚರಿಕೆಯ ಮೇಲ್ ನಿಮಗೆ ತಲುಪುತ್ತದೆಯೇ, ಖಚಿತ ಮಾಡಿಕೊಳ್ಳಿ. ಅದೇ ಕಡತದಲ್ಲಿ 'ಮೇಲ್‌ಅಡ್ರ್' ಎಂಬ ಸಾಲಿನಲ್ಲಿ ನಿಮ್ಮ ವಿಳಾಸ ಹಾಕಿ (ಸಾಲಿನ ಹೆಸರು ದೊಡ್ಡಕ್ಷರದಲ್ಲಿ), ಬಳಿಕ:

ಎಂಡಿಎಡಿಎಂ --ಮಾನಿಟರ್ --ಸ್ಕ್ಯಾನ್ --ಟೆಸ್ಟ್ --ಒನ್‌ಶಾಟ್

ಮೇಲ್ ಬರಲಿಲ್ಲವೆಂದರೆ ಯಂತ್ರದಿಂದ ಹೊರಗೆ ಮೇಲ್ ಹೋಗುವ ದಾರಿಯೇ ಇಲ್ಲ. ಅದನ್ನು ಮೊದಲು ಸರಿಪಡಿಸಿ. ಸ್ಪೇರ್ ಸದ್ದಿಲ್ಲದೆ ಕೆಲಸಕ್ಕೆ ಇಳಿದು ನಿಮಗೆ ಸುದ್ದಿಯೇ ಮುಟ್ಟದಿದ್ದರೆ, ಎರಡನೆಯ ಡಿಸ್ಕ್ ಹೋಗುವವರೆಗೂ ಎಲ್ಲ ಚೆನ್ನಾಗಿದೆ ಎಂದೇ ಇರುತ್ತೀರಿ.

7. ಎರಡು ಅರೇ ಇದ್ದರೆ ಸ್ಪೇರ್ ಹಂಚಿ. ಫೋಟೊಗೆ ಒಂದು, ಸಿಸಿಟಿವಿಗೆ ಒಂದು ಎಂದು ಎರಡು ಅರೇ ಮಾಡಿದವರು ಕಾನ್ಫ್ ಕಡತದಲ್ಲಿ ಎರಡೂ ಸಾಲುಗಳ ಕೊನೆಗೆ 'ಸ್ಪೇರ್-ಗ್ರೂಪ್=ಮನೆ' ಎಂದು ಒಂದೇ ಹೆಸರು ಸೇರಿಸಲಿ. ಒಂದರಲ್ಲಿ ಡಿಸ್ಕ್ ಕೆಟ್ಟು ಅಲ್ಲಿ ಸ್ಪೇರ್ ಇಲ್ಲದಿದ್ದರೆ ಇನ್ನೊಂದರದ್ದು ಅಲ್ಲಿಗೆ ಹೋಗುತ್ತದೆ. ಈ ಸಾಗಾಟ ಮಾಡುವುದು ಕರ್ನಲ್ ಅಲ್ಲ, ಹಿನ್ನೆಲೆಯಲ್ಲಿ ಓಡುವ ಮಾನಿಟರ್. ಅದು ನಿಂತಿದ್ದರೆ ಸ್ಪೇರ್ ಕೂತಲ್ಲೇ ಕೂತಿರುತ್ತದೆ.

8. ತಾಲೀಮು ನಡೆಸಿ, ಆದರೆ ನಿಜವಾದ ಅರೇ ಮೇಲೆ ಅಲ್ಲ. 'ಟ್ರಂಕೇಟ್' ಆದೇಶದಿಂದ ತಲಾ 1 ಜಿಬಿಯ ನಾಲ್ಕು ಖಾಲಿ ಕಡತ ಮಾಡಿ, 'ಲೊಸೆಟಪ್ -ಎಫ್ --ಶೋ' ಮೂಲಕ ಅವನ್ನು ಡಿಸ್ಕ್‌ಗಳಂತೆ ತೋರಿಸಿ. ಸಿಕ್ಕ ಲೂಪ್ ಹೆಸರುಗಳನ್ನು ಬರೆದಿಟ್ಟುಕೊಂಡು ಎಂಡಿ9 ಎಂಬ ಆಟಿಕೆ ಅರೇ ಕಟ್ಟಿ:

ಎಂಡಿಎಡಿಎಂ --ಕ್ರಿಯೇಟ್ /ಡೆವ್/ಎಂಡಿ9 --ಲೆವೆಲ್=5 --ರೈಡ್-ಡಿವೈಸಸ್=3 --ಸ್ಪೇರ್-ಡಿವೈಸಸ್=1

ಎಂದು ಬರೆದು ಮುಂದೆ ನಾಲ್ಕು ಲೂಪ್ ಹೆಸರು ಕೊಡಿ. ತುಂಬಿ ಮುಗಿದ ಮೇಲೆ ಒಂದಕ್ಕೆ '--ಫೇಲ್' ಹೇಳಿ, ಸ್ಪೇರ್ ಹೇಗೆ ಒಳಬರುತ್ತದೆ ನೋಡಿ. ರೈಡ್ 5 ಕಟ್ಟಿದ ಕೂಡಲೇ ಕೊನೆಯ ಡಿಸ್ಕ್ 'ಸ್ಪೇರ್ ರೀಬಿಲ್ಡಿಂಗ್' ಎಂದು ಕಾಣುತ್ತದೆ. ಅದು ದೋಷವಲ್ಲ, ಅರೇಯನ್ನು ಮೊದಲ ಬಾರಿ ತುಂಬಲು ಎಂಡಿಎಡಿಎಂ ಹಿಡಿಯುವ ದಾರಿಯೇ ಹಾಗೆ. ಈ ಆಟವನ್ನು ಮಕ್ಕಳ ಫೋಟೊ ಇರುವ ಎಂಡಿ0 ಮೇಲೆ 'ಸುಮ್ಮನೆ ನೋಡೋಣ' ಎಂದು ಆಡಬೇಡಿ.

ಕೆಡುವ ಸೂಚನೆ ಮೊದಲೇ ಸಿಕ್ಕರೆ

ಡಿಸ್ಕ್ ಇನ್ನೂ ಓಡುತ್ತಿದೆ, ಆದರೆ ಪೆಂಡಿಂಗ್ ಸೆಕ್ಟರ್ ಏರುತ್ತಿದೆ. ಆಗ ಅದನ್ನು 'ಫೇಲ್' ಮಾಡಿ ಸ್ಪೇರ್ ಒಳತರುವುದು ದುಡುಕು. ಬದಲಿಗೆ:

ಎಂಡಿಎಡಿಎಂ /ಡೆವ್/ಎಂಡಿ0 --ರೀಪ್ಲೇಸ್ /ಡೆವ್/ಎಸ್‌ಡಿಸಿ1 --ವಿತ್ /ಡೆವ್/ಎಸ್‌ಡಿಎಫ್1

ಹಳೆಯ ಡಿಸ್ಕ್ ಜಾಗದಲ್ಲೇ ಇದ್ದು ಕೆಲಸ ಮಾಡುತ್ತಿರುವಾಗಲೇ ಅದರಿಂದ ಸ್ಪೇರ್‌ಗೆ ನಕಲು ನಡೆಯುತ್ತದೆ. ಓದಲಾಗದ ಚೂರುಗಳನ್ನು ಮಾತ್ರ ಪ್ಯಾರಿಟಿಯಿಂದ ಲೆಕ್ಕ ಹಾಕಿಕೊಳ್ಳುತ್ತದೆ. ಅರೇ ಒಂದು ಕ್ಷಣವೂ ಬಡವಾಗುವುದಿಲ್ಲ. ಊರಿನಿಂದ ವಿಪಿಎನ್ ಮೂಲಕ ಎಸ್‌ಎಸ್‌ಎಚ್ ಮಾಡಿ ಕೂಡ ಇದನ್ನು ನಡೆಸಬಹುದು.

ಜೆಡ್‌ಎಫ್‌ಎಸ್ ಬಳಸುವವರಿಗೆ

ಜೆಡ್‌ಎಫ್‌ಎಸ್‌ನಲ್ಲಿ ಸ್ಪೇರ್‌ನ ಸ್ವಭಾವವೇ ಬೇರೆ. ಎಂಡಿಎಡಿಎಂನಲ್ಲಿ ಒಳಬಂದ ಸ್ಪೇರ್ ಕಾಯಂ ಸದಸ್ಯ. ನೀವು ಆಮೇಲೆ ತರುವ ಡಿಸ್ಕ್ ಹೊಸ ಸ್ಪೇರ್. ಜೆಡ್‌ಎಫ್‌ಎಸ್‌ನಲ್ಲಿ ಅದು ಬದಲಿ ನೌಕರ. ಕೆಟ್ಟದ್ದರ ಜಾಗಕ್ಕೆ 'ಜೆಡ್‌ಪೂಲ್ ರೀಪ್ಲೇಸ್' ಮಾಡಿ ಹೊಸದು ತುಂಬಿದ ಮೇಲೆ ಸ್ಪೇರ್ ತನ್ನ ಮೂಲ ಜಾಗಕ್ಕೆ ಮರಳುತ್ತದೆ. ಅದನ್ನೇ ಕಾಯಂ ಮಾಡಬೇಕಿದ್ದರೆ ಕೆಟ್ಟ ಡಿಸ್ಕನ್ನು 'ಜೆಡ್‌ಪೂಲ್ ಡಿಟ್ಯಾಚ್' ಮಾಡಿ. ಲಿನಕ್ಸ್‌ನಲ್ಲಿ ಸ್ಪೇರ್ ತಾನಾಗಿ ಒಳಬರಲು 'ಜೆಡ್‌ಇಡಿ' ಎಂಬ ಹಿನ್ನೆಲೆ ಸೇವೆ ಓಡುತ್ತಿರಬೇಕು.

ಸೇರಿಸುವ ಆದೇಶ 'ಜೆಡ್‌ಪೂಲ್ ಆ್ಯಡ್ ಪೂಲ್‌ಹೆಸರು ಸ್ಪೇರ್ ಡಿಸ್ಕ್‌ಹೆಸರು'. ಇದರಲ್ಲಿ 'ಸ್ಪೇರ್' ಎಂಬ ಒಂದು ಪದ ಬಿಟ್ಟುಹೋದರೆ ಆ ಡಿಸ್ಕ್ ಪೂಲ್‌ನ ಮೂಲ ಭಾಗವಾಗಿ ಸೇರಿಬಿಡುತ್ತದೆ. ರೈಡ್‌ಜೆಡ್ ಪೂಲ್ ಆದರೆ ಅದನ್ನು ಮತ್ತೆ ಬಿಡಿಸಲು ಆಗುವುದಿಲ್ಲ, ಅದೊಂದು ಕೆಟ್ಟರೆ ಇಡೀ ಪೂಲ್ ಹೋಗುತ್ತದೆ. ಸಾಮಾನ್ಯವಾಗಿ ಜೆಡ್‌ಎಫ್‌ಎಸ್ ತಕರಾರು ತೆಗೆಯುತ್ತದೆ, '-ಎಫ್ ಹಾಕಿ' ಎನ್ನುತ್ತದೆ. ಹಾಗೆಂದಾಗ ಹಾಕದೆ, ನಿಂತು ಓದಿ. ಮೊದಲು '-ಎನ್' ಸೇರಿಸಿ ಓಡಿಸಿದರೆ ಏನಾಗಲಿದೆ ಎಂದು ತೋರಿಸುತ್ತದಷ್ಟೇ, ಮಾಡುವುದಿಲ್ಲ.

ಸಿನಾಲಜಿಯಂಥ ಸಿದ್ಧ ಡಬ್ಬ ಇಟ್ಟುಕೊಂಡವರು ಒಳಗೆ ಎಂಡಿಎಡಿಎಂ ಇದ್ದರೂ ಟರ್ಮಿನಲ್‌ನಿಂದ ಕೈ ಹಾಕದೆ ಅವರದೇ ಸ್ಟೋರೇಜ್ ಮ್ಯಾನೇಜರ್‌ನಲ್ಲಿ ಹಾಟ್ ಸ್ಪೇರ್ ಆರಿಸಿಕೊಳ್ಳುವುದು ಕ್ಷೇಮ.

ಸಾಮಾನ್ಯವಾಗಿ ಆಗುವ ತಪ್ಪುಗಳು

ಸ್ಪೇರ್ ಇದೆ, ತಿಂಗಳ ತಪಾಸಣೆಯೂ ನಡೆಯುತ್ತಿದೆ, ಆದ್ದರಿಂದ ಸ್ಪೇರ್ ಕೂಡ ಚೆನ್ನಾಗಿದೆ ಎಂದುಕೊಳ್ಳುವುದು. ಅರೇ ತಪಾಸಣೆ ಸ್ಪೇರ್ ಡಿಸ್ಕಿನ ಮೈ ಓದುವುದೇ ಇಲ್ಲ. ವರ್ಷಗಟ್ಟಲೆ ಸುತ್ತುತ್ತ ಕೂತ ಸ್ಪೇರ್, ಬೇಕಾದ ದಿನವೇ ಕೈ ಕೊಡಬಹುದು. ಅದಕ್ಕೆ ಮೂರನೆಯ ಹಂತದ ಲಾಂಗ್ ಟೆಸ್ಟ್ ಅನ್ನು ತಿಂಗಳಿಗೊಮ್ಮೆ ಪ್ರತ್ಯೇಕವಾಗಿ ಓಡಿಸಿ. ಅಂದಹಾಗೆ, ಡೆಬಿಯನ್‌ನಲ್ಲಿ ಈ ತಪಾಸಣೆ ತಿಂಗಳ ಮೊದಲ ಭಾನುವಾರದ ನಸುಕಿಗೆ ನಿಗದಿಯಾಗಿರುತ್ತದೆ. ಅಮೆರಿಕ, ಯುರೋಪಿನವರಿಗೆ ಅದು ರಜೆ. ಕತಾರಿನಲ್ಲಿ ವಾರದ ಮೊದಲ ಕೆಲಸದ ದಿನ. ಆಫೀಸಿನ ಸರ್ವರ್ ತಿಂಗಳಿಗೊಮ್ಮೆ ಭಾನುವಾರ ಬೆಳಿಗ್ಗೆ ಯಾಕೆ ಎಳೆದಾಡುತ್ತದೆಂದು ತಲೆ ಕೆಡಿಸಿಕೊಂಡವರು ಇದನ್ನು ಶುಕ್ರವಾರಕ್ಕೆ ಬದಲಿಸಿಕೊಳ್ಳಿ.

ಸ್ಪೇರ್ ತೆಗೆಯಲು ಹೋಗಿ ಬೇರೆ ಡಿಸ್ಕ್ ಕೆಡವುವುದು. ಸ್ಪೇರ್ ತೆಗೆಯಲು '--ರಿಮೂವ್' ಒಂದೇ ಸಾಕು. ಕೆಲಸದಲ್ಲಿರುವ ಡಿಸ್ಕಿಗೆ ಅದನ್ನು ಹೇಳಿದರೆ 'ಬ್ಯುಸಿ' ಎಂದು ನಿರಾಕರಿಸುತ್ತದೆ. ಆಗ ಹಲವರು ಹಟಕ್ಕೆ ಬಿದ್ದು ಮೊದಲು '--ಫೇಲ್' ಹೇಳಿ ಮತ್ತೆ ತೆಗೆಯುತ್ತಾರೆ. ನಿರಾಕರಿಸಿತು ಎಂದರೆ ನೀವು ಟೈಪ್ ಮಾಡಿದ ಹೆಸರೇ ತಪ್ಪು ಎಂದು ತಿಳಿಯಿರಿ.

ಸ್ಪೇರ್ ಸೇರಿಸಿದರೂ ಜಾಗ ಹೆಚ್ಚಲಿಲ್ಲವಲ್ಲ ಎಂದು '--ಗ್ರೋ' ಓಡಿಸುವುದು. ಡಿಸ್ಕ್‌ಗಳ ಸಂಖ್ಯೆ ಏರಿಸಿದರೆ ಸ್ಪೇರ್ ಸದಸ್ಯನಾಗುತ್ತದೆ, ಜಾಗ ಬರುತ್ತದೆ, ಕಾವಲು ಹೋಗುತ್ತದೆ.

ಇದನ್ನೇ ಬ್ಯಾಕಪ್ ಎಂದುಕೊಳ್ಳುವುದು. ತಪ್ಪಿ ಅಳಿಸಿದ ಫೋಲ್ಡರ್ ಸ್ಪೇರ್‌ನಲ್ಲಿ ಇರುವುದಿಲ್ಲ, ರ‍್ಯಾನ್ಸಮ್‌ವೇರ್‌ಗೂ ಅದು ತಡೆಯಲ್ಲ. ಮುಖ್ಯವಾದದ್ದರ ಒಂದು ಪ್ರತಿ ಹೊರಗಿನ ಡಿಸ್ಕ್‌ನಲ್ಲಿ, ಬೇರೆ ಮನೆಯಲ್ಲಿ ಇರಲಿ.

ಬಿಸಿಲನ್ನು ಮರೆಯುವುದು. 2021ರ ನಿಯಮದ ಪ್ರಕಾರ ಕತಾರಿನಲ್ಲಿ ಜೂನ್ 1ರಿಂದ ಸೆಪ್ಟೆಂಬರ್ 15ರವರೆಗೆ ಬೆಳಿಗ್ಗೆ 10ರಿಂದ ಮಧ್ಯಾಹ್ನ 3.30ರ ನಡುವೆ ಬಯಲಿನ ಕೂಲಿ ಕೆಲಸ ನಿಷಿದ್ಧ. ಅಂಥ ಕಾಲದಲ್ಲಿ ಎಸಿ ಆರಿಸಿ ಬಾಗಿಲು ಮುಚ್ಚಿದ ವಿಲ್ಲಾದ ಮೆಟ್ಟಿಲ ಕೆಳಗೆ ಐದು ಡಿಸ್ಕ್ ಸುತ್ತುತ್ತಿರುತ್ತವೆ. ಡಿಸ್ಕ್‌ಗಳ ಮಿತಿ ಸಾಮಾನ್ಯವಾಗಿ 60 ಡಿಗ್ರಿಯ ಆಸುಪಾಸು. ತುಂಬುವ ಕೆಲಸ ಬಿದ್ದಾಗ ಬಿಸಿ ಮತ್ತೂ ಏರುತ್ತದೆ. ಸ್ಪೇರ್ ಕೂಡ ಅದೇ ಬಿಸಿಯಲ್ಲಿ ಬೇಯುತ್ತದೆ ಎನ್ನುವುದು ನೆನಪಿರಲಿ. ಆ ಒಂದು ಕೋಣೆಯ ಎಸಿಯನ್ನು 28ಕ್ಕೆ ಬಿಟ್ಟು ಹೋಗಿ. ಅದಾಗದಿದ್ದರೆ ಡಬ್ಬ ಆಫ್ ಮಾಡುವುದೇ ಸರಿ. ಸ್ಮಾರ್ಟ್‌ಡಿ ಸೇವೆಯಲ್ಲಿ 50 ಡಿಗ್ರಿ ದಾಟಿದರೆ ಮೇಲ್ ಬರುವಂತೆಯೂ ಮಾಡಿಡಬಹುದು.

ಊರಿನಲ್ಲಿರುವಾಗ ಮೇಲ್ ಬಂದರೆ

ಮೊದಲು 'ಫೇಲ್' ಎಂಬ ಮೇಲ್; ಅದರ ಬೆನ್ನಿಗೆ, ಮೇಲ್ ಆಗಿ ಅಲ್ಲ, ಯಂತ್ರದ ಲಾಗ್‌ನಲ್ಲಿ 'ರೀಬಿಲ್ಡ್‌ಸ್ಟಾರ್ಟೆಡ್', ಹಲವು ಗಂಟೆ ಬಿಟ್ಟು 'ಸ್ಪೇರ್‌ಆ್ಯಕ್ಟಿವ್'. ಈ ಕ್ರಮದಲ್ಲಿ ಬಂದರೆ ನೀವು ಮಾಡಬೇಕಾದದ್ದು ಏನೂ ಇಲ್ಲ. ಕತಾರ್ ಭಾರತಕ್ಕಿಂತ ಎರಡೂವರೆ ಗಂಟೆ ಹಿಂದೆ, ಲಾಗ್‌ನಲ್ಲಿನ ಸಮಯ ಅಲ್ಲಿಯದು. ಇನ್ನೂ ಶುರುವೇ ಆಗಿಲ್ಲ ಎಂದು ಲೆಕ್ಕ ತಪ್ಪಬೇಡಿ. ತುಂಬುವ ಹೊತ್ತಿನಲ್ಲಿ ದೊಡ್ಡ ಕಾಪಿ, ಅಪ್‌ಡೇಟ್, ರೀಬೂಟ್ ಯಾವುದೂ ಬೇಡ. ಬೀಗದ ಕೈ ಇರುವ ಗೆಳೆಯರಿಗೆ ಹೇಳಬೇಕಾದ್ದು ಒಂದೇ: ಕೆಂಪು ದೀಪ ಕಂಡರೂ ಮುಟ್ಟಬೇಡಿ, ಕೋಣೆ ತಣ್ಣಗಿದೆಯೇ ನೋಡಿ. 'ಫೇಲ್' ಬಂದು ಹತ್ತು ನಿಮಿಷವಾದರೂ ಲಾಗ್‌ನಲ್ಲಿ ರೀಬಿಲ್ಡ್ ಸುದ್ದಿ ಇಲ್ಲದಿದ್ದರೆ ಎಂಡಿಸ್ಟ್ಯಾಟ್ ನೋಡಿ. ತುಂಬುವ ವೇಗ ತೀರಾ ಕುಂಟುತ್ತಿದ್ದರೆ /ಪ್ರಾಕ್/ಸಿಸ್/ಡೆವ್/ರೈಡ್/ಸ್ಪೀಡ್_ಲಿಮಿಟ್_ಮಿನ್ ಕಡತದಲ್ಲಿ ಸಾಮಾನ್ಯವಾಗಿ ಇರುವ 1000ವನ್ನು 50000ಕ್ಕೆ ಏರಿಸಿ.

ವಾಪಸ್ ಬಂದ ಮೇಲೆ ಕೆಟ್ಟದ್ದಕ್ಕೆ '--ರಿಮೂವ್' ಹೇಳಿ, ಟ್ರೇಯ ಸ್ಟಿಕ್ಕರನ್ನು ಫೋನಿನ ಫೋಟೊ ಜೊತೆ ತಾಳೆ ನೋಡಿ ಎಳೆಯಿರಿ. ಹೊಸ ಡಿಸ್ಕಿಗೆ ಲಾಂಗ್ ಟೆಸ್ಟ್ ಮಾಡಿ ನಾಲ್ಕನೆಯ ಹಂತದಿಂದ ಮತ್ತೆ ಶುರು ಮಾಡಿ. ಈ ಬಾರಿ ಅದೇ ಸ್ಪೇರ್. ಟ್ರೇಗಳ ಸ್ಟಿಕ್ಕರ್ ಬದಲಿಸಲು ಮರೆಯಬೇಡಿ. ಕೆಟ್ಟ ಡಿಸ್ಕನ್ನು ಎಸೆಯುವ ಮೊದಲು ಸೀರಿಯಲ್ ಹಾಕಿ ಕಂಪನಿಯ ತಾಣದಲ್ಲಿ ವಾರಂಟಿ ನೋಡಿ. ಬೆಂಗಳೂರಿನಲ್ಲಿ ಕೊಂಡು ತಂದದ್ದಾದರೆ ವಾರಂಟಿ ಭಾರತಕ್ಕಷ್ಟೇ ಸೀಮಿತವಾಗಿರಬಹುದು, ಹಾಗಿದ್ದರೆ ಮುಂದಿನ ರಜೆಯ ಸೂಟ್‌ಕೇಸಿನಲ್ಲಿ ಅದಕ್ಕೊಂದು ಜಾಗ ಇಡಿ.